ಟೋಕಿಯೋ ವಿಮಾನದ ಚಹಾ ಸ್ಟಾಪು

ನಮ್ಮ ಮಾವನಿಗೆ ಭೂಮಿ ಗುಂಡಗಿದೆ ಎಂಬುದರಲ್ಲಿ ಯಾವ ತಕರಾರೂ ಇಲ್ಲ. ತಕರಾರಿರುವುದು ಅದರ ಮೇಲೆ ಗಾಡಿ ಓಡಿಸುವವರ ನಿಯತ್ತಿನಲ್ಲಿ!

ಮಾವ ಹೊನ್ನಾಳಿ–ಶಿವಮೊಗ್ಗ ರೂಟಿನ ಖಾಸಗಿ ಬಸ್ಸಿನ ಡ್ರೈವರು. ಅತ್ತೆ ಸಿರಿಧಾನ್ಯ ಬೆಳೆಯುವ ಹೆಣ್ಣುಮಕ್ಕಳ ಸಂಘದ ಜೊತೆ ಕೃಷಿಮೇಳಕ್ಕೆಂದು ಬೆಂಗಳೂರಿನಿಂದ ಟೋಕಿಯೋಗೆ ಹಾರಿದ ದಿನ, ಮಾವ ಚನ್ನಗಿರಿಯಿಂದ ನನ್ನನ್ನು ಕರೆಸಿಕೊಂಡರು.

“ಲಾಯರಮ್ಮ, ವಿಮಾನ ವಾಪಸ್ ಬರಾಕೆ ಎಷ್ಟೊತ್ತು ಬೇಕು ನೋಡು.”

ನಾನು ಲಾಯರಲ್ಲ, ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದ ಪಾಪಕ್ಕೆ ಆ ಬಿರುದು. ಅತ್ತೆ ಅಲ್ಲಿ ಇನ್ನೂ ಇಳಿದೇ ಇಲ್ಲ, ಇವರಿಗೆ ವಾಪಸಿನ ಚಿಂತೆ! ಮೊಬೈಲು ನೋಡಿ ಹೇಳಿದೆ: ದೂರ ಸುಮಾರು ಆರೂಮುಕ್ಕಾಲು ಸಾವಿರ ಕಿಲೋಮೀಟರು. ಹೋಗಲು ಎಂಟು ಗಂಟೆ ಚಿಲ್ಲರೆ, ಬರಲು ಹತ್ತರ ಹತ್ತಿರ.

“ದಾರಿ ಒಂದೇ, ಟೈಮು ಎರಡು ಹೆಂಗೆ?”

“ಬರೋವಾಗ ಎದುರುಗಾಳಿ ಮಾವ.”

“ಜಗಳೂರಿನ ಗಾಳಿಯಾಗೆ ಬಸ್ ಓಡಿಸ್ದೋನು ನಾನು! ಒಂದಿನ ಲೇಟಾಗಿಲ್ಲ. ಗಾಳಿ ಅಲ್ಲ ಕಣವ್ವ, ಎಲ್ಲೋ ಚಾ ಕುಡಿಯಾಕೆ ನಿಲ್ಲಿಸ್ತಾನೆ.”

“ಆಕಾಶದಾಗೆ ಚಾ ಎಲ್ಲಿ ಸಿಗುತ್ತೆ?”

“ಅದನ್ನ ಪ್ಯಾಸೆಂಜರಿಗೆ ಹೇಳ್ತಾರಾ?”

ಇದಕ್ಕೆ ಯಾವ ಚರ್ಚಾಪಟು ಉತ್ತರ ಕೊಟ್ಟಾನು? ಸ್ವಾನುಭವದ ಸಾಕ್ಷ್ಯ! ಟೈರು ನೋಡುವ ನೆಪದಲ್ಲಿ ಸವಳಂಗದ ಹೋಟೆಲಿನ ಮುಂದೆ ಬಸ್ಸು ನಿಲ್ಲಿಸಿ ಮಾವ ತಿಂದ ಮಿರ್ಚಿಗೆ ಲೆಕ್ಕವಿದೆಯೇ?

ಆದರೂ ಬಿಡಲಿಲ್ಲ. ಮಾವ ಉಣ್ಣುತ್ತಿದ್ದಾಗ ಫ್ಯಾನಿನೆದುರು ಕಾಗದದ ವಿಮಾನ ಹಾರಿಸಿ ತೋರಿಸಿದೆ. ಅದು ತಿರುಗಿ ಬಂದು ಅವರ ಸಾರಿನ ಬಟ್ಟಲಿಗೆ ಬಿತ್ತು.

“ನೋಡ್ದಾ? ಊಟಕ್ಕೂ ನಿಲ್ಲಿಸ್ತಾನೆ!”

ನಾನು ಸೋತು ಚನ್ನಗಿರಿಗೆ ವಾಪಸಾದೆ. ಆದರೆ ದಿನಾ ಬೆಳಗ್ಗೆ ಫೋನು: “ಟೋಕಿಯೋದಾಗೆ ಗಾಳಿ ಹೆಂಗೈತೆ?”

“ಗಾಳಿ ನಂಬಲ್ಲ ಅಂದ್ರಲ್ಲ?”

“ನಂಬಲ್ಲ. ಸುಮ್ನೆ ಕೇಳ್ದೆ.”

“ಮನೆ ಹೆಂಗೈತೆ ಮಾವ?”

“ಐತೆ. ಗೋಡೆ ಅದಾವೆ.”

ಅತ್ತೆ ಬರುವ ದಿನ ಇಬ್ಬರೂ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತೆವು. ವಿಮಾನ ತಡವೆಂದು ಬೋರ್ಡಿನ ಮೇಲೆ ಬಂತು. ಈಗ ಮಾವ ಮೀಸೆ ತಿರುವುತ್ತಾರೆ ಎಂದು ನಾನು ಕಾದೆ. ಅವರು ಮುಂದಿನ ಅಡ್ಡಕಂಬಿಯನ್ನು ಸ್ಟೇರಿಂಗಿನಂತೆ ಹಿಡಿದು ಬಾಗಿಲನ್ನೇ ನೋಡುತ್ತಿದ್ದರು.

“ಏನಾದ್ರೂ ತಿಂತೀರಾ ಮಾವ?”

“ಬ್ಯಾಡ. ಅಷ್ಟರಾಗೆ ಬಂದ್ಬಿಟ್ರೆ?”

ಕೊನೆಗೂ ಸಂಘದವರು ಬಂದರು. ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಟೋಪಿ! ಮಾವ “ಏ, ಇವಳೇ!” ಎಂದು ಕೂಗಿದರು. ನಾಲ್ಕೈದು ಜನ ತಿರುಗಿದರು, ಅತ್ತೆಯೊಬ್ಬರನ್ನು ಬಿಟ್ಟು. ಅವರು ಟ್ರಾಲಿ ತಳ್ಳಿಕೊಂಡು ಆಚೆಯ ಬಾಗಿಲಿನತ್ತ ಹೊರಟೇಬಿಟ್ಟಿದ್ದರು.

ನಮ್ಮ ಮನೆಗಳಲ್ಲಿ ಗಂಡಂದಿರೂ ಹೆಂಡತಿಯ ಹೆಸರು ಹಿಡಿದು ಕೂಗುವುದಿಲ್ಲ. ಮಾವನ ಬಾಯಲ್ಲಿ ಆ ಹೆಸರನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

“ಶಾರದಾ!”

ಟ್ರಾಲಿ ನಿಂತಿತು. ಅತ್ತೆ ಮಾತ್ರ ತಿರುಗಲಿಲ್ಲ. ಇನ್ನೊಮ್ಮೆ ಕೂಗಲಿ ಎಂದು ಕಾದಂತಿತ್ತು.