ಬಿಳಿಯಣ್ಣನಿಗೆ ಸಿಕ್ಕ ಗಾಡಿ

ಆ ದಿನ ಬೆಳಿಗ್ಗೆ ಬಿಳಿಯಣ್ಣನ ಹನ್ನೊಂದು ಬಿಳಿ ಅಂಗಿಗಳೂ ಒಟ್ಟಿಗೆ ಗುಲಾಬಿ ಬಣ್ಣಕ್ಕೆ ತಿರುಗಿದವು. ತಪ್ಪು ವಾಷಿಂಗ್ ಮೆಷಿನ್ನಿನದಲ್ಲ, ಅಂಗಿಗಳ ನಡುವೆ ಸದ್ದಿಲ್ಲದೆ ಸೇರಿಕೊಂಡಿದ್ದ ಹೊಸ ಕೆಂಪು ಟವೆಲ್ಲಿನದು. ಇಪ್ಪತ್ತಾರು ವರ್ಷ ಬಿಳಿ ಬಿಟ್ಟು ಬೇರೆ ಬಣ್ಣ ತೊಡದೆ, ಆ ಕಾರಣಕ್ಕೇ ಈ ಹೆಸರು ಗಳಿಸಿದ್ದ ಕಡತ ವಿಭಾಗದ ಗುಮಾಸ್ತ, ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದ ತನ್ನ ಮಾನವನ್ನು ನೋಡುತ್ತ ಬನಿಯನ್ನಿನಲ್ಲೇ ನಿಂತುಬಿಟ್ಟ.

"ಅದಕ್ಯಾಕ್ರೀ ಹಂಗೆ ನಿಂತ್ರಿ? ನನ್ನ ತಮ್ಮ ಕೊಟ್ಟಿದ್ದು ಇದ್ಯಲ್ಲ, ಅದನ್ನ ಹಾಕ್ಕೊಳ್ಳಿ" ಎಂದಳು ಹೆಂಡತಿ.

"ಅದನ್ನಾ? ಆಫೀಸಿಗಾ?"

"ಮತ್ತೇನು, ಬನಿಯನ್ನಲ್ಲಿ ಹೋಗ್ತೀರಾ?"

ಭಾಮೈದ ಕೊಟ್ಟಿದ್ದ ಅಂಗಿ ಮೂರು ವರ್ಷದಿಂದ ಬೀರುವಿನ ತಳದಲ್ಲಿತ್ತು. ಗಿಣಿ ಹಸಿರು ಬಣ್ಣ, ಮಿರಮಿರ ಮಿರುಗುವ ಬಟ್ಟೆ, ಮೇಲೆ ಅಂಗೈ ಅಗಲದ ಬಂಗಾರದ ಬಣ್ಣದ ಹೂಗಳು, ಗಾಜಿನ ಗುಂಡಿಗಳು. ಆ ಬೀರು ತೆಗೆದಾಗ ಕೋಣೆಯ ದೀಪ ಹಾಕುವ ಅಗತ್ಯವೇ ಬೀಳುತ್ತಿರಲಿಲ್ಲ. ಬಿಳಿಯಣ್ಣ ಕಣ್ಣು ಮುಚ್ಚಿಕೊಂಡು ಅದರೊಳಗೆ ಕೈ ತೂರಿಸಿದ.

ಬಸ್ಸಿನಲ್ಲಿ ರಚ್ಚೆ ಹಿಡಿದು ಅಳುತ್ತಿದ್ದ ಮಗುವೊಂದು ಇವನನ್ನು ಕಂಡದ್ದೇ ಅಳು ನಿಲ್ಲಿಸಿ, ಬಾಯಿ ತೆರೆದುಕೊಂಡು ನೋಡತೊಡಗಿತು. ಇವನು ಇಳಿಯುವವರೆಗೂ ಅದು ಬಾಯಿ ಮುಚ್ಚಲಿಲ್ಲ.

ಆಫೀಸಿನಲ್ಲಿ ಕಡತ ವಿಭಾಗ ಸೇರಬೇಕಾದರೆ ಹೊಸ ಮೇಡಂ ಅವರ ಗಾಜಿನ ಕೋಣೆಯ ಮುಂದೆಯೇ ಹಾಯಬೇಕು. ಮೇಡಂ ಹೊರದೇಶದಲ್ಲಿ ಓದಿ ಬಂದವರು. ಬಂದು ಎರಡು ತಿಂಗಳಾಗಿದ್ದರೂ ಯಾರ ಮೇಲೂ ದನಿ ಏರಿಸಿರಲಿಲ್ಲ, ಅದಕ್ಕೇ ಎಲ್ಲರಿಗೂ ಅವರೆಂದರೆ ಹೆದರಿಕೆ. ಬಿಳಿಯಣ್ಣ ಕಡತವೊಂದನ್ನು ಎದೆಗವಚಿಕೊಂಡು ಗೋಡೆ ಸವರಿಕೊಂಡೇ ಹೋದ. ಒಂದು ಕಡತದಲ್ಲಿ ಮುಚ್ಚುವಂಥ ಅಂಗಿ ಅದಾಗಿರಲಿಲ್ಲ. ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದ ಮೇಡಂ ಇವನ ಕಡೆಗೇ ಮುಖ ಮಾಡಿ ನಕ್ಕುಬಿಟ್ಟರು.

ಐದು ನಿಮಿಷಕ್ಕೆ ಅಟೆಂಡರ್ ಏದುಸಿರು ಬಿಡುತ್ತ ಬಂದ. ಟೀ ಇಡಲು ಒಳಗೆ ಹೋಗಿದ್ದವನು ಅವನು.

"ಅಣ್ಣಾ, ಮೇಡಂ ನಿಮ್ಮನ್ನ ನೋಡ್ಕೊಂಡೇ ಇಂಗ್ಲಿಷಲ್ಲಿ ಏನೇನೋ ಅಂದ್ರು. ನನಗೆ ತಿಳಿದಿದ್ದು ಒಂದೇ ಮಾತು."

"ಏನದು?"

"ಗಾಡಿ."

"ಗಾಡಿಯಾ?"

"ಮೂರು ಸಲ ಅಂದ್ರು. ಗಾಡಿ, ಗಾಡಿ, ಗಾಡಿ. ನಗ್ತಾ ಅಂದ್ರು, ಕೋಪದಿಂದಲ್ಲ."

ಪಕ್ಕದ ಮೇಜಿನ ಕ್ಯಾಷಿಯರ್ ಕೈಲಿದ್ದ ಪೆನ್ನು ಕೆಳಗಿಟ್ಟ. ಒಂದಕ್ಕೆ ಒಂದು ಸೇರಿಸಿ ಹನ್ನೊಂದು ಮಾಡುವ ಕಲೆ ಅವನಿಗೆ ಸಿದ್ಧಿಸಿತ್ತು. "ಹಳೇ ಸಾಹೇಬರ ಕಾರು ಶೆಡ್ಡಲ್ಲಿ ಧೂಳು ತಿಂತಾ ಇದೆ. ಮೇಡಂಗೆ ಸ್ವಂತದ್ದಿದೆ. ಅಂದ್ಮೇಲೆ ಆ ಗಾಡಿ ಯಾರಿಗೆ? ಇಪ್ಪತ್ತಾರು ವರ್ಷ ಒಂದು ಕಡತ ಕಳೀದೇ ಇರೋನಿಗೆ! ಅದು ಗೊತ್ತಾಗೇ ನೀನು ಇವತ್ತು ಹಿಂಗೆ ಶೃಂಗಾರ ಮಾಡ್ಕೊಂಡು ಬಂದಿದೀಯ. ಒಳಗಿಂದೊಳಗೇ ಕೆಲಸ ಮಾಡ್ಕೊಂಡೆಯಲ್ಲೋ ಕಳ್ಳ!"

"ಅಯ್ಯೋ, ಇದು ಟವೆಲ್ಲಿಂದ ಆಗಿದ್ದು..." ಎಂದ ಬಿಳಿಯಣ್ಣ. ಟವೆಲ್ಲಿನ ಕತೆ ಯಾರಿಗೂ ಬೇಕಿರಲಿಲ್ಲ. ವಿಭಾಗದವರೆಲ್ಲ ಎದ್ದು ಬಂದು ಅವನನ್ನು ಸುತ್ತುವರಿದು, ಗುಡ್ಡ ನೋಡುವವರ ಹಾಗೆ ತಲೆಯೆತ್ತಿ ನೋಡತೊಡಗಿದರು. ಹನ್ನೊಂದು ಗಂಟೆಯ ಹೊತ್ತಿಗೆ ಮುಂದಿನ ಸೀಟಿನಲ್ಲಿ ಯಾರು, ಹಿಂದಿನ ಕಿಟಕಿಯ ಪಕ್ಕ ಯಾರು ಎಂಬುದು ತೀರ್ಮಾನವಾಗಿತ್ತು. ಕಿಟಕಿ ಸಿಗದ ಇಬ್ಬರು ಪರಸ್ಪರ ಮಾತು ಬಿಟ್ಟಿದ್ದರು. ನಿಜ ಹೇಳಬೇಕೆಂದರೆ ಬಿಳಿಯಣ್ಣನ ಎದೆಯೊಳಗೂ ಎಲ್ಲೋ ಒಂದು ಹಾರ್ನ್ ಸಣ್ಣಗೆ ಕೂಗಿತು.

ಆಗ ಹೆಂಡತಿಯ ಫೋನು ಬಂತು.

"ಏನ್ರೀ, ನನಗೆ ಒಂದು ಮಾತು ಹೇಳಬಾರದಾ? ಕ್ಯಾಷಿಯರ್ ಮನೆಯವರು ಫೋನ್ ಮಾಡಿ ಹೇಳಬೇಕಾ?"

"ಲೇ, ಇನ್ನೂ ಏನೂ ಖಚಿತ ಇಲ್ಲ ಕಣೇ..."

"ಸುಮ್ನಿರಿ. ಪಕ್ಕದ ಮನೆ ಕಂಟ್ರಾಕ್ಟರ್ ಅಣ್ಣ ಪಾಪ, ಟೇಪ್ ಹಿಡಿದು ಅಳೆದೇಬಿಟ್ರು. ನಮ್ಮ ಗೇಟಿನೊಳಗೆ ಗಾಡಿ ಹಿಡಿಯಲ್ವಂತೆ. ಎಂಟಡಿ ಗೋಡೆ ತೆಗೀಬೇಕಂತೆ. ಆಳುಗಳನ್ನ ಅವರೇ ಕರೆಸ್ತಾರಂತೆ. ಏನು ಒಳ್ಳೆ ಮನುಷ್ಯ!"

"ಗೋಡೆ ಮುಟ್ಟಬೇಡಿ ಅನ್ನು!" ಎಂದು ಬಿಳಿಯಣ್ಣ ಚೀರಿದ. ಅತ್ತಲಿಂದ ಧಡಾರ್ ಎಂಬ ಸದ್ದು ಬಂದು ಫೋನು ಕಡಿಯಿತು.

ಇಷ್ಟು ಹೊತ್ತೂ ಮೂಲೆಯಲ್ಲಿ ಟೈಪು ಮಾಡುತ್ತಿದ್ದ ಟೈಪಿಸ್ಟ್ ಅಕ್ಕ ಹತ್ತಿರ ಬಂದು ಪಿಸುಗುಟ್ಟಿದಳು. "ಬೇಜಾರು ಮಾಡ್ಕೋಬೇಡಿ. ಇಂಗ್ಲಿಷಲ್ಲೂ ಗಾಡಿ ಅಂತ ಒಂದು ಪದ ಇದೆ. ಜಿ, ಎ, ಯು, ಡಿ, ವೈ. ಅದು ಚಕ್ರ ಇರೋ ಗಾಡಿ ಅಲ್ಲ."

"ಮತ್ತೆ?"

ಅವಳು ಅಂಗಿಯನ್ನೊಮ್ಮೆ ನೋಡಿ, ನೆಲ ನೋಡಿದಳು. "ಲೈಬ್ರರಿಗೆ ಹೋಗಿ ನೀವೇ ನೋಡ್ಕೊಳ್ಳಿ."

ಲೈಬ್ರರಿ ಎಂದರೆ ಮೂರನೇ ಮಹಡಿಯ ತುದಿಯ ಕೋಣೆ. ಕಂಪನಿ ಕಟ್ಟಿದ ಹಿರಿಯರು ಆಸೆಪಟ್ಟು ಕೂಡಿಹಾಕಿದ ಪುಸ್ತಕಗಳು, ಅವನ್ನು ಕಾಯಲು ಒಬ್ಬ ಮುದಿ ಮೇಷ್ಟ್ರು. ಇವನನ್ನು ಕಂಡು ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಇವನು ಹೇಳಿದ ಐದಕ್ಷರ ಕೇಳಿ, ಕೂಸನ್ನು ಎತ್ತುವ ಹಾಗೆ ಎರಡೂ ಕೈಯಿಂದ ದಪ್ಪ ನಿಘಂಟೊಂದನ್ನು ಎತ್ತಿ ತಂದು ಮೇಜಿನ ಮೇಲೆ ಬಿಡಿಸಿದರು.

"ಮೊದಲನೇ ಅರ್ಥ. ಕಣ್ಣಿಗೆ ಹೊಡೆಯುವ ಬಣ್ಣದ, ಅಭಿರುಚಿಯಿಲ್ಲದ, ಬರೀ ಥಳಕಿನ."

ಬಿಳಿಯಣ್ಣನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಇಪ್ಪತ್ತಾರು ವರ್ಷದ ಬಿಳುಪು ಹೋಗಿ ಒಂದೇ ಪದಕ್ಕೆ ಬಂದು ನಿಂತಿತಲ್ಲ! ಕುರ್ಚಿಯಲ್ಲಿ ಕುಸಿದ.

"ಅಷ್ಟಕ್ಕೇ ಕೂತುಬಿಟ್ರಾ? ಪದದ ಈಗಿನ ಬಾಳು ನೋಡಿದ್ರಿ. ಹುಟ್ಟು ನೋಡಬೇಡ್ವಾ?" ಮೇಷ್ಟ್ರ ಬೆರಳು ಇರುವೆಯಂಥ ಅಕ್ಷರಗಳ ಮೇಲೆ ನಡೆಯಿತು. "ಲ್ಯಾಟಿನ್ನಲ್ಲಿ ಗಾಡಿಯುಂ ಅಂತ ಒಂದು ಮಾತಿದೆ. ಹಾಗಂದ್ರೆ ಸಂತೋಷ. ಈ ಪದದ ಬೇರು ಅದೇ ಇರಬಹುದು ಅಂತಾರೆ."

"ಸಂತೋಷವಾ?"

"ಹೂಂ. ಜಪಮಾಲೆಯಲ್ಲಿ ಸಣ್ಣ ಮಣಿಗಳ ನಡುನಡುವೆ ದೊಡ್ಡ ಮಣಿ ಇರುತ್ತಲ್ಲ, ಅದಕ್ಕೂ ಹಿಂದೆ ಗಾಡಿ ಅಂತಿದ್ರು. ದೇವರ ಕತೆಯ ಒಂದೊಂದು ಸಂತೋಷಕ್ಕೆ ಒಂದೊಂದು ಮಣಿ. ಆಮೇಲೆ ಆಟ, ತಮಾಷೆ, ಚೇಷ್ಟೆ, ಆಟಿಕೆ, ಹೊಳೆಯೋ ಒಡವೆ, ಇವಕ್ಕೆಲ್ಲ ಇದರ ಅಕ್ಕತಂಗಿ ಪದಗಳು ಬಂದವು. ಇನ್ನು ಕೆಲವರು ಹೇಳೋದೇ ಬೇರೆ. ಹಳದಿ ಬಣ್ಣ ಕೊಡೋ ಒಂದು ಗಿಡ ಇತ್ತು, ನೀಲಿ ಬಟ್ಟೆಯನ್ನ ಅದರಲ್ಲಿ ಅದ್ದಿದಾಗ ಬರೋ ಹಸಿರಿಗೆ ಗಾಡಿ ಹಸಿರು ಅಂತ ಹೆಸರು. ಆರುನೂರು ವರ್ಷದ ಹಿಂದಿನ ಮಾತು. ಯಾವುದು ನಿಜ ಅಂತ ಖಚಿತವಾಗಿ ಹೇಳೋರು ಯಾರೂ ಇಲ್ಲ."

"ಎಂಥ ಹಸಿರು ಮೇಷ್ಟ್ರೇ?"

ಮೇಷ್ಟ್ರು ಮತ್ತೊಮ್ಮೆ ಓದಿ, ಇವನ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೆಲ್ಲಗೆ ಹೇಳಿದರು. "ಹಳದಿ ಮಿಶ್ರಿತ ಹಸಿರು. ಹೆಚ್ಚುಕಡಿಮೆ ಇದೇ."

ಬಿಳಿಯಣ್ಣನ ಮೈ ಜುಂ ಎಂದಿತು. ಯಾವುದೋ ಕಾಣದ ದೇಶದಲ್ಲಿ, ಹೆಸರು ಗೊತ್ತಿಲ್ಲದ ಬಣ್ಣಗಾರನೊಬ್ಬ ಕುದಿಯುವ ಹಂಡೆಯಿಂದ ಕೋಲಿನ ತುದಿಯಲ್ಲಿ ಬಟ್ಟೆ ಎತ್ತಿ, ನೀರಿಳಿಯುತ್ತಿರುವಾಗಲೇ ಬಿಸಿಲಿಗೆ ಹಿಡಿದು ನಗುತ್ತಿರುವುದು ಅವನಿಗೆ ಕಂಡಿತು. ಸಂತೋಷವಾಗಿ ಹುಟ್ಟಿ, ಮಣಿಯಾಗಿ ಜನರ ಬೆರಳಲ್ಲಿ ಉರುಳಿ, ಬಣ್ಣವಾಗಿ, ಆಟಿಕೆಯಾಗಿ, ಕೊನೆಗೆ ಬೈಗುಳವಾಗಿ ಇಳಿದ ಒಂದು ಪುಟ್ಟ ಪದ! ಐದಕ್ಷರದೊಳಗೆ ಇಷ್ಟು ಜನರ ಬಾಳು ಹೇಗೆ ಹಿಡಿಯಿತು? ಜೀವಮಾನವಿಡೀ ಕಡತ ಜೋಡಿಸಿದ ತನಗೆ ಇಂಥದೊಂದು ಕಡತ ಸಿಕ್ಕಿರಲೇ ಇಲ್ಲವಲ್ಲ!

"ನಮ್ಮ ಆಡಂಬರ ಏನು ಕಡಿಮೆಯೇ?" ಎಂದರು ಮೇಷ್ಟ್ರು. "ಸಂಸ್ಕೃತದಲ್ಲಿ ಅದು ಮೊದಲು ಒಂದು ಭೇರಿಯ ಹೆಸರು. ಮೋಡದ ಗುಡುಗು, ಆನೆಯ ಘೀಳು, ಅದಕ್ಕೂ ಆಡಂಬರ ಅಂತಿದ್ರು. ಈಗ ನೋಡಿ, ಮದುವೆ ಖರ್ಚಿಗೆ ಬೈಯೋ ಮಾತು."

"ಗುಡುಗಾ!" ಎಂದ ಬಿಳಿಯಣ್ಣ. ಅವನ ಕಣ್ಣು ಹನಿಗೂಡಿತ್ತು. ಊಟದ ಗಂಟೆ ಹೊಡೆದದ್ದೂ ಅವನಿಗೆ ಕೇಳಲಿಲ್ಲ.

ಇನ್ನು ಸುಮ್ಮನಿರುವುದು ಅವನಿಂದಾಗಲಿಲ್ಲ. ನಿಘಂಟನ್ನು ಎತ್ತಿಕೊಂಡು ನೇರ ಗಾಜಿನ ಕೋಣೆಗೆ ಹೋದ. ಇಪ್ಪತ್ತಾರು ವರ್ಷದಲ್ಲಿ ಕರೆಯದೆ ಯಾವ ಅಧಿಕಾರಿಯ ಬಾಗಿಲನ್ನೂ ತಟ್ಟಿದವನಲ್ಲ.

"ಮೇಡಂ, ಬೆಳಿಗ್ಗೆ ನೀವು ನನ್ನನ್ನ ಗಾಡಿ ಅಂದ್ರಿ. ನನಗೆ ಒಂಚೂರೂ ಬೇಜಾರಿಲ್ಲ. ಆ ಮಾತು ಏನು ಅಂತ ನಿಮಗೆ ಗೊತ್ತಾ ಮೇಡಂ?" ಎಂದವನೇ ಶುರು ಮಾಡಿದ. ಸಂತೋಷ ಹೇಳಿದ, ಮಣಿ ಹೇಳಿದ, ಬಣ್ಣಗಾರನ ಹಂಡೆ ಹೇಳಿದ, ಆನೆಯ ಘೀಳನ್ನೂ ಬಿಡಲಿಲ್ಲ. ಗಾಜಿನಾಚೆ ಇಡೀ ವಿಭಾಗ ಮೂಗು ಒತ್ತಿ ನಿಂತಿತ್ತು. ಮೇಡಂ ಕೈಯಲ್ಲಿದ್ದ ಟೀ ತುಟಿಗೆ ತಾಗದೆ ಆರಿಹೋಯಿತು.

ಅವನು ನಿಲ್ಲಿಸಿದ ಮೇಲೆ ಅವರು ನಿಧಾನವಾಗಿ ಕೇಳಿದರು. "ಇಷ್ಟೆಲ್ಲ ನೀವೊಬ್ಬರೇ ಹುಡುಕಿದ್ರಾ? ನಾನು ಆ ಭಾಷೆಯ ದೇಶದಲ್ಲೇ ಆರು ವರ್ಷ ಓದಿದೀನಿ, ನನಗೇ ಗೊತ್ತಿರಲಿಲ್ಲ. ಆದ್ರೆ ಕೊನೇ ಅರ್ಥ ಓದಲಿಲ್ವಾ?"

"ಕೊನೇ ಅರ್ಥವಾ?"

"ನಾನು ಓದಿದ ಕಾಲೇಜಲ್ಲಿ ಹಳೇ ವಿದ್ಯಾರ್ಥಿಗಳಿಗೆ ಒಂದು ದೊಡ್ಡ ಔತಣ ಮಾಡ್ತಾರೆ. ಅದರ ಹೆಸರೇ ಗಾಡಿ. ಬೆಳಿಗ್ಗೆ ಗೆಳತಿ ಅದಕ್ಕೇ ಕರೀತಿದ್ಲು. ನಿಮ್ಮ ವಿಷಯ ಮಾತೇ ಆಡಲಿಲ್ಲ. ನಿಮ್ಮನ್ನ ನೋಡಿದ್ದೂ ಇಲ್ಲ. ಕನ್ನಡಕ ಇಲ್ಲದೆ ನನಗೆ ಮೇಜಿನಾಚೆ ಎಲ್ಲಾ ಬರೀ ಮಸುಕು."

ಹೀಗೆಂದು ಮೇಡಂ ಮೇಜಿನ ಮೇಲಿದ್ದ ಕನ್ನಡಕ ಏರಿಸಿಕೊಂಡರು. ಅಂಗಿಯನ್ನು ಕಂಡರು. ಕುರ್ಚಿ ತಾನಾಗಿ ಒಂದಡಿ ಹಿಂದೆ ಸರಿಯಿತು.

"ಅಬ್ಬಬ್ಬಾ... ಮೊದಲನೇ ಅರ್ಥ ಏನು ಅಂದ್ರಿ?"

"ಕಣ್ಣಿಗೆ ಹೊಡೆಯುವ..."

"ಸರಿಯಾಗಿದೆ. ನಾಳೆಯಿಂದ ಬೇರೆ ಹಾಕ್ಕೊಂಡು ಬನ್ನಿ."

ಹೊರಗೆ ಬಂದಾಗ ಕ್ಯಾಷಿಯರ್ ಗಾಡಿಯ ಕೀ ಎಲ್ಲಿ ಎಂದು ಕೇಳಿದ. ಬಿಳಿಯಣ್ಣ ನಿಘಂಟನ್ನು ಮೇಷ್ಟ್ರಿಗೆ ಒಪ್ಪಿಸಿ, ಆಫೀಸು ಬಿಟ್ಟದ್ದೇ ಬಸ್ಸು ಹಿಡಿದ.

ಸಂಜೆ ಬೀದಿ ತಿರುಗಿದಾಗ ಎಂಟಡಿ ಗೋಡೆ ಇಟ್ಟಿಗೆಯ ಗುಡ್ಡೆಯಾಗಿ ಬಿದ್ದಿತ್ತು. ಗುಲಾಬಿ ಗಿಡಗಳಿದ್ದ ಜಾಗವನ್ನು ಆಳುಗಳು ತಟ್ಟಿ ಸಮ ಮಾಡಿದ್ದರು. ಅಕ್ಕಪಕ್ಕದವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ಹೆಂಡತಿ ಓಡಿ ಬಂದಳು.

"ಎಲ್ರೀ ಗಾಡಿ?"

"ಬರಲ್ಲ ಕಣೇ. ಅದು ಔತಣ. ಅಲ್ಲ, ಸಂತೋಷ. ಅಲ್ಲ, ಒಂದು ಮಣಿ..." ಎಂದು ಬಿಳಿಯಣ್ಣ ತಡವರಿಸಿದ. ನೆರೆಹೊರೆಯವರು ಮುಖ ಮುಖ ನೋಡಿಕೊಂಡು, ಪಾಪ ಎನ್ನುತ್ತ ಒಬ್ಬೊಬ್ಬರೇ ಚದುರಿದರು. ಕಂಟ್ರಾಕ್ಟರ್ ಒಬ್ಬನ ಮುಖದಲ್ಲಿ ಮಾತ್ರ ನಿರಾಸೆಯ ನೆರಳೂ ಇರಲಿಲ್ಲ.

"ಹೋಗ್ಲಿ ಬಿಡಿ ಸ್ವಾಮಿ" ಎಂದ ಅವನು, ಹೆಗಲ ಮೇಲೆ ಕೈಹಾಕಿ. "ಒಡೆದಿದ್ದಂತೂ ಆಯ್ತು, ಜಾಗ ಯಾಕೆ ದಂಡ ಮಾಡೋದು? ನಮ್ಮನೇಲಿ ಒಂದಿಂಚು ಜಾಗ ಇಲ್ಲ ಅಂತ ಎರಡು ವರ್ಷದಿಂದ ತಗೊಳ್ಳೋದೇ ಮುಂದೂಡಿದ್ದೆ. ಇವತ್ತು ಮಧ್ಯಾಹ್ನ ನಿಮ್ಮ ಗೋಡೆ ಬಿದ್ದದ್ದು ನೋಡಿ ಧೈರ್ಯ ಬಂತು, ಹೋಗಿ ತಂದೇಬಿಟ್ಟೆ."

ಬೀದಿಯ ಆ ತುದಿಯಿಂದ ಅವನ ಮಗ ಹೊಚ್ಚ ಹೊಸ ಕಾರೊಂದನ್ನು ಓಡಿಸಿಕೊಂಡು ಬಂದು, ಇಟ್ಟಿಗೆ ಗುಡ್ಡೆ ಬಳಸಿ, ಬಿಳಿಯಣ್ಣನ ಅಂಗಳದಲ್ಲಿ ಸರಿಯಾಗಿ ನಡುಮಧ್ಯಕ್ಕೆ ನಿಲ್ಲಿಸಿದ. ಕಾರಿಗೆ ಕಿತ್ತಳೆ ಬಣ್ಣ, ಬಾಗಿಲಿಗೆ ಬಂಗಾರದ ಪಟ್ಟಿ, ಚಕ್ರಗಳೊಳಗೆ ನೀಲಿ ದೀಪಗಳು.

ಬಿಳಿಯಣ್ಣ ಬೆರಗಾಗಿ ನೋಡುತ್ತ ನಿಂತ. ಇದಕ್ಕೆ ಸಲ್ಲುವ ಪದ ಜಗತ್ತಿನಲ್ಲಿ ಒಂದೇ ಇತ್ತು, ಆ ಬೀದಿಯಲ್ಲಿ ಅದರ ಹುಟ್ಟು ಬಲ್ಲವನು ಅವನೊಬ್ಬನೇ.

"ಹೇಗಿದೆ ಸ್ವಾಮಿ?" ಎಂದ ಕಂಟ್ರಾಕ್ಟರ್.

ಬಿಳಿಯಣ್ಣ ಎದೆ ತುಂಬ ಉಸಿರೆಳೆದುಕೊಂಡು, ಆರುನೂರು ವರ್ಷದ ಸಂತೋಷವನ್ನೆಲ್ಲ ದನಿಗೆ ತಂದುಕೊಂಡು ಹೇಳಿದ. "ಗಾಡಿ!"

"ಗಾಡಿ ಅಂತ ನನಗೂ ಗೊತ್ತು ಮಾರಾಯ್ರೇ. ಹೇಗಿದೆ ಹೇಳಿ!"