ಅಲುಗಾಡದೆ ಮಲಗುವ ರೇಷ್ಮೆಹುಳುಗಳಿಗೆ, ಅಜ್ಜಿಯ ಕಾಲಿನ ವಿಚಾರವಾಗಿ

ಹನೂರು, ಕೊಳ್ಳೇಗಾಲ ತಾಲ್ಲೂಕು,
ಕೋಯಮತ್ತೂರು ಜಿಲ್ಲೆ.
12 ಫೆಬ್ರವರಿ 1951

ನಮ್ಮ ನಡುಮನೆಯಲ್ಲಿ ಏಳು ಬಿದಿರು ತಟ್ಟೆಗಳ ಮೇಲೆ ಬಿಜಯಮಾಡಿರುವ ಮಾನ್ಯ ರೇಷ್ಮೆಹುಳುಗಳೇ,

ತಾವೆಲ್ಲರೂ ಕ್ಷೇಮವೆಂದು ಬಲ್ಲೆ, ಏಕೆಂದರೆ ಈಗಷ್ಟೇ ತಮಗೆ ಸೊಪ್ಪು ಹಾಕಿ ಬಂದೆ. ಎದುರು ನಿಂತು ದೂರುವುದು ನನ್ನಿಂದಾಗದ ಕಾರಣ ಬರೆದು ತಿಳಿಸುತ್ತಿದ್ದೇನೆ.

ಮೊದಲು ತಮ್ಮ ಶಿಸ್ತನ್ನು ಹೊಗಳಬೇಕು. ಇಪ್ಪತ್ತೈದು ದಿನಗಳ ಬಾಳಿನಲ್ಲಿ ನಾಲ್ಕು ಸಲ, ಪೊರೆ ಬಿಡುವುದಕ್ಕಾಗಿ, ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಒಂದು ದಿನವಿಡೀ ಅಲುಗಾಡದೆ ಇರುತ್ತೀರಿ. ಎದ್ದಾಗ ಮೊದಲಿಗಿಂತ ದಪ್ಪವಾಗಿರುತ್ತೀರಿ. ಆ ಹೊತ್ತಿನಲ್ಲಿ ತಮ್ಮನ್ನು ಯಾರೂ ಮುಟ್ಟಕೂಡದು, ಹೊರಗಿನವರು ಒಳಗೆ ಬರಕೂಡದು, ಒಲೆಯ ಮೇಲೆ ಮೆಣಸಿನಕಾಯಿ ಹುರಿಯಕೂಡದು ಎಂಬ ಕಟ್ಟುಪಾಡುಗಳನ್ನು ನನ್ನ ಚಿಕ್ಕಪ್ಪ ಮಂಟೇಸ್ವಾಮಿ ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದಿದ್ದಾರೆ. ಅವರ ಮಟ್ಟಿಗೆ ತಾವು ಹುಳುಗಳಲ್ಲ, ಪಂಡಿತರು.

ದೀಪಾವಳಿ ಕಳೆದ ಮರುವಾರ ನಮ್ಮ ಅಜ್ಜಿ ಪುಟ್ಟಗೌರಮ್ಮ ತಮಗಾಗಿ ತಂದ ಸೊಪ್ಪಿನ ಹೊರೆ ಇಳಿಸುವಾಗ ಬಿದ್ದು ಮಂಡಿ ಊದಿಸಿಕೊಂಡರು. ಚಿಕ್ಕಪ್ಪ, “ಅಲ್ಲಾಡ್ಬ್ಯಾಡ ಕಣವ್ವ, ಉಳ ನೋಡು, ಸುಮ್ಗೆ ಇದ್ದು ಎದ್ರೆ ಎಂಗಾಯ್ತವೆ” ಎಂದವರೇ ಹುಳುಗಳಾದ ತಮ್ಮ ಕಟ್ಟುಪಾಡುಗಳನ್ನೆಲ್ಲ ಅಜ್ಜಿಗೂ ಹಾಕಿದರು. ಮಂಚಕ್ಕೆ ಸುತ್ತ ಗೋಣಿತಟ್ಟು ಕಟ್ಟಿ, ನೋಡಲು ಬಂದವರನ್ನು ಬಾಗಿಲಿನಿಂದಲೇ ಕಳಿಸಿ, ಎಲೆಗೆ ಅಡಿಕೆ ಕುಟ್ಟಿಕೊಳ್ಳಲೂ ಬಿಡದೆ ನಲವತ್ತೈದು ದಿನ ಮಲಗಿಸಿದರು. ಅಷ್ಟರಲ್ಲಿ ತಮ್ಮ ವಂಶದ ಒಂದು ತಲೆಮಾರು ಹುಟ್ಟಿ, ನಾಲ್ಕು ಸಲ ದಪ್ಪವಾಗಿ, ಗೂಡು ಕಟ್ಟಿ, ಮಾರಾಟಕ್ಕೆ ಕೊಳ್ಳೇಗಾಲದ ಗಾಡಿ ಹತ್ತಿತ್ತು.

ಗೋಣಿತಟ್ಟು ಬಿಚ್ಚಿದ ದಿನ ಊತ ಇರಲಿಲ್ಲ. ಕಾಲೂ ಇರಲಿಲ್ಲ ಎನ್ನಬೇಕು. “ಯಾರ್ ಕಾಲ್ಲಾ ಇದು ಮಂಟೇಸ್ವಾಮಿ, ನಂದಂಗಿಲ್ವಲ್ಲ” ಎಂದು ಅಜ್ಜಿ ಕೇಳಿದರು. ನಿಲ್ಲಿಸಿದರೆ ಕುಸಿದರು. “ಇನ್ನೊಂದು ಪೊರೆ ಬಾಕಿ ಇರ್ಬೇಕು, ಮನಿಕೊ” ಎಂದರು ಚಿಕ್ಕಪ್ಪ.

ನಾನು ಅತ್ತು ಹಟ ಮಾಡಿದ್ದರಿಂದ ಗಾಡಿ ಕಟ್ಟಿ ಅಜ್ಜಿಯನ್ನು ಕಾಮಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ನರ್ಸಮ್ಮ ಕಾಲು ಒತ್ತಿ ನೋಡಿ, “ಮಂಡಿ ವಾಸಿಯಾಗ್ಯದೆ ಕಣ್ರಿ. ಮಲಗ್ಸಿ ಮಲಗ್ಸಿ ಮಾಂಸ ಕರಗ್ಸಿದ್ದೀರಿ. ದಿನಾ ಎಬ್ಬಿಸಿ, ಕೂರ್ಸಿ, ನಡೆಸಿ. ಇಲ್ದಿದ್ರೆ ಇನ್ಮೇಲೆ ಎತ್ಕಂಡೇ ತಿರುಗ್ಬೇಕಾಯ್ತದೆ” ಎಂದರು. ಹುರುಳಿಕಾಳು, ಹಾಲು, ಮೊಟ್ಟೆ ಕೊಡಬೇಕೆಂದೂ ಹೇಳಿದರು.

ಅಂದಿನಿಂದ ಬೆಳಿಗ್ಗೆ ಸಂಜೆ ಅಜ್ಜಿ ಜಗಲಿಯ ಅಂಚಿನಲ್ಲಿ ಕೂತು, ನನ್ನ ಭುಜ ಹಿಡಿದು ಏಳುತ್ತಾರೆ, ಕೂರುತ್ತಾರೆ. ಮೊದಲ ದಿನ ಎರಡು ಸಲಕ್ಕೇ ಕಣ್ಣಲ್ಲಿ ನೀರು ಬಂತು. ಈಗ ಹನ್ನೆರಡು ಸಲ, ನನ್ನನ್ನು ಬೈಯುತ್ತಲೇ ಏಳುತ್ತಾರೆ. ಆದರೆ ತಾವು ಸುಮ್ಮನಾದಾಗಲೆಲ್ಲ ಚಿಕ್ಕಪ್ಪನ ನಂಬಿಕೆ ತಲೆಯೆತ್ತಿ, ಅಜ್ಜಿಯ ಹಾಸಿಗೆ ಮತ್ತೆ ಹಾಸಲ್ಪಡುತ್ತದೆ.

ಆದ್ದರಿಂದ ತಮ್ಮಲ್ಲಿ ಅರಿಕೆ ಏನೆಂದರೆ, ಇನ್ನು ಮುಂದೆ ಪೊರೆ ಬಿಡುವಾಗ ತಾವು ದಯಮಾಡಿ ತಟ್ಟೆಯ ಸುತ್ತ ಬೆಳಿಗ್ಗೆ ಒಂದು, ಸಂಜೆ ಒಂದು ಸುತ್ತು ನಡೆಯಬೇಕು. ಅದು ಆಗದಿದ್ದರೆ ತಮ್ಮಲ್ಲಿ ಹಿರಿಯರೊಬ್ಬರು ಚಿಕ್ಕಪ್ಪನ ಮುಂದೆ ಬಂದು, ತಮಗೂ ಅವರ ತಾಯಿಗೂ ಯಾವ ಸಂಬಂಧವೂ ಇಲ್ಲವೆಂದು ಹೇಳಬೇಕು. ಅದೂ ಆಗದಿದ್ದರೆ ಅಜ್ಜಿಯ ಕಾಲಿನ ಮಾಂಸವನ್ನು ತಮ್ಮ ಮೈಯಿಂದ ತೆಗೆದು ವಾಪಸು ಕೊಡಬೇಕು.

ಮೊನ್ನೆಯ ಸಂಗತಿಯನ್ನೂ ಮುಚ್ಚಿಡುವುದು ಸರಿಯಲ್ಲ. ಅಜ್ಜಿ ನನ್ನ ಭುಜ ಬಿಟ್ಟು, ಗೋಡೆ ಹಿಡಿದು ಏಳು ಹೆಜ್ಜೆ ಇಟ್ಟರು. ಸೊಪ್ಪು ಹೊತ್ತು ಬಂದ ಚಿಕ್ಕಪ್ಪ ಹೊರೆ ಇಳಿಸದೆ ನಿಂತು ನೋಡಿದರು. “ಉಸಾರು ಕಣವ್ವ” ಎಂದಷ್ಟೇ ಹೇಳಿ, ದಾರಿಗೆ ಅಡ್ಡವಿದ್ದ ತಮ್ಮ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು. ತಾವು ಆಗ ಪೊರೆ ಬಿಡುತ್ತಿದ್ದಿರಿ. ಅದಕ್ಕಾಗಿ ಕ್ಷಮೆ ಕೇಳಬೇಕೆಂದು ಮನೆಯಲ್ಲಿ ಯಾರಿಗೂ ತೋಚಿಲ್ಲ.

ಸೊಪ್ಪು ಹಾಕುವ ಮಟ್ಟಿಗೆ ಎಂದೆಂದಿಗೂ ತಮ್ಮ ವಿಶ್ವಾಸಿ,
ಚಾಮುಂಡಮ್ಮ

ವಿ.ಸೂ.: ಇನ್ನೊಂದು ವಾರಕ್ಕೆ ತಾವು ಗೂಡು ಕಟ್ಟಿಕೊಂಡು ಅದರೊಳಗೆ ಮತ್ತೆ ಅಲುಗಾಡದೆ ಮಲಗುವಿರಿ. ನಮ್ಮ ಮನೆಯಲ್ಲಿ ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುವವರು ಅಜ್ಜಿ. ಆ ಒಲೆ ಹಿತ್ತಿಲಿನಲ್ಲಿದೆ, ಮಂಚದಿಂದ ಇಪ್ಪತ್ತು ಹೆಜ್ಜೆ. ಈ ಸಂಜೆಗೆ ಅಜ್ಜಿಯದು ಹದಿನಾಲ್ಕು ಆಗಿದೆ.