ನಡೆಯದ ಪಂದ್ಯಾವಳಿಯ ಮುಕ್ತಾಯ ಸಮಾರಂಭ

ವಿಶ್ವ ಬಾಲಕರ ಕಾಲ್ಚೆಂಡು ಪಂದ್ಯಾವಳಿಯು ಚೀಮಲಪಲ್ಲಿ ಗ್ರಾಮದಲ್ಲಿ ನಡೆಯಲಿಲ್ಲ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ನಡೆಯದ ಆ ಪಂದ್ಯಾವಳಿಯ ಮುಕ್ತಾಯ ಸಮಾರಂಭವು ಮಾತ್ರ ಪ್ರತಿವರ್ಷ ಸುಗ್ಗಿಯಲ್ಲಿ, ಸಮಸ್ತ ಗ್ರಾಮಸ್ಥರ ಸಮಕ್ಷಮ, ವಿಧಿವತ್ತಾಗಿ ಜರುಗುತ್ತಿದೆ. ಸ್ವಾಗತ ಸಮಿತಿಯ ನಿಂಬೆಹಣ್ಣು ಉಪಸಮಿತಿಗೆ ನಾನು ಸಂಚಾಲಕನಾಗಿದ್ದೆ. ಅರ್ಧ ಆಟವಾದ ಮೇಲೆ ಆಟಗಾರರಿಗೆ ನಿಂಬೆಹಣ್ಣು ಕೊಡಬೇಕೆಂದು ಯಾರೋ ಹೇಳಿದ್ದರಿಂದ ಆ ಉಪಸಮಿತಿ ಹುಟ್ಟಿತ್ತು. ಆದಕಾರಣ ಈ ವೃತ್ತಾಂತವನ್ನು ಅಧಿಕೃತವೆಂದು ಓದುಗರು ಭಾವಿಸತಕ್ಕದ್ದು.

ಐವತ್ತೆಂಟನೆಯ ಇಸವಿಯಲ್ಲಿ ವಿಶ್ವ ಬಾಲಕರ ಕಾಲ್ಚೆಂಡು ಮಹಾಮಂಡಳಿ ಎಂಬ ಸಂಸ್ಥೆಯು, ಹಳ್ಳಿ ಉದ್ಧಾರವಾಗದೆ ಚೆಂಡು ಉದ್ಧಾರವಾಗದು ಎಂದು ಕಂಡುಕೊಂಡು, ಪಂದ್ಯಾವಳಿಯನ್ನು ನಮ್ಮ ಸೀಮೆಯಲ್ಲಿ ನಡೆಸಲು ಚಿಕ್ಕಬಳ್ಳಾಪುರದಲ್ಲಿ ಒಂದು ಸಭೆ ಕರೆಯಿತು. ಚಿಕ್ಕಬಳ್ಳಾಪುರದವರು ತಮ್ಮ ಬಯಲಿನಲ್ಲಿ ಸಂತೆ ಸೇರುತ್ತದೆ ಎಂದರು. ಗೌರಿಬಿದನೂರಿನವರು ಕಡಲೆಕಾಯಿ ಒಣಹಾಕಿದ್ದೇವೆ ಎಂದರು. ಆಟಕ್ಕೆ ನಮ್ಮ ಅಡ್ಡಿಯಿಲ್ಲ, ಆಡುವವರು ಬರಬಾರದು ಅಷ್ಟೇ ಎಂದು ಚಿಂತಾಮಣಿಯವರು ಹೇಳಿದರು. ಶಿಡ್ಲಘಟ್ಟದ ಕಡೆಯಿಂದ ಹೋಗಬೇಕಾಗಿದ್ದ ನಮ್ಮೂರಿನ ಚೆನ್ನರಾಯಪ್ಪನವರು ಬಸ್ಸು ತಪ್ಪಿಸಿಕೊಂಡು ಮನೆಯಲ್ಲೇ ಉಳಿದರು. ಸಭೆಗೆ ಬಾರದವರ ತಲೆಗೆ ಕೆಲಸ ಕಟ್ಟುವುದು ಎಲ್ಲ ಸಭೆಗಳ ಧರ್ಮ. ಹೀಗೆ ಜರ್ಮನಿ, ಬರ್ಮಾ ಮತ್ತು ಈಜಿಪ್ಟ್ ದೇಶಗಳ ಬಾಲಕರು ಚೀಮಲಪಲ್ಲಿಗೆ ಬರುವುದು ಖಾಯಂ ಆಯಿತು.

ಚೆನ್ನರಾಯಪ್ಪನವರು ರೇಷ್ಮೆಗೂಡಿನ ವ್ಯಾಪಾರಿಗಳು. ಊರಿನ ಅರ್ಧ ಹಿಪ್ಪುನೇರಳೆ ತೋಟ ಅವರದು. ಊರಿಗೆ ಯಾವ ಗೌರವ ಬಂದರೂ ಅದು ಮೊದಲು ಅವರ ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಆಮೇಲೆ ಮಿಕ್ಕಿದ್ದು ಊರಿಗೆ ಬರುವುದು ವಾಡಿಕೆ. ಹಾಗಾಗಿ ಅವರೇ ಸ್ವಾಗತ ಸಮಿತಿಯ ಅಧ್ಯಕ್ಷರಾದರು. ಮುನಸೀಫ್ ಕೋರ್ಟಿನಲ್ಲಿ ಅಮೀನರಾಗಿದ್ದು ನಿವೃತ್ತರಾದ ವೆಂಕಟರವಣಪ್ಪನವರು ಕಾರ್ಯದರ್ಶಿಗಳಾದರು. ನಮ್ಮಲ್ಲಿ ಯಾರೂ ಕಾಲ್ಚೆಂಡಿನ ಆಟ ನೋಡಿರಲಿಲ್ಲ. ಇದರಿಂದ ಸಮಿತಿಯಲ್ಲಿ ಒಮ್ಮತ ಮೂಡುವುದು ಸುಲಭವಾಯಿತು.

ಮೈದಾನಕ್ಕೆ ಸ್ಥಳ ಗೊತ್ತುಮಾಡುವಾಗ ಅಧ್ಯಕ್ಷರ ಜಮೀನುಗಳನ್ನೆಲ್ಲ ಮೊದಲು ಪರಿಶೀಲಿಸಲಾಯಿತು. ಹಲಗೆಯಂತೆ ಮಟ್ಟವಾಗಿದ್ದ ಅವೆಲ್ಲ ಇಳಿಜಾರಾಗಿವೆಯೆಂದು ಅಧ್ಯಕ್ಷರೇ ತಿಳಿಸಿದರು. ಅವರ ಮನೆಯೆದುರು, ತೋಟದ ಪಕ್ಕದಲ್ಲಿದ್ದ, ಏರುತಗ್ಗಿನ, ಕದಿರಮ್ಮನ ಎರಡೆಕರೆ ಹೊಲವು ಮಟ್ಟವಾಗಿದೆಯೆಂದು ಸರ್ವಾನುಮತದಿಂದ ಠರಾವಾಯಿತು. ಕದಿರಮ್ಮ ಗಂಡ ತೀರಿಕೊಂಡ ಮೇಲೆ ಆ ಹೊಲದಲ್ಲಿ ರಾಗಿ ಬೆಳೆದು, ಸಾಲಿನ ನಡುವೆ ಅವರೆ, ಹುಚ್ಚೆಳ್ಳು ಹಾಕಿ, ಮಗಳನ್ನು ಸಾಕಿ ಮದುವೆ ಮಾಡಿದವಳು. ಅವಳಿಗಿದ್ದದ್ದು ಅದೊಂದೇ. "ಪಂದ್ಯಾವಳಿ ಮುಕ್ತಾಯವಾದ ಕೂಡಲೆ ಹೊಲವನ್ನು ವಾಪಸು ಕೊಡಲಾಗುವುದು" ಎಂದು ಓದಿ ಹೇಳಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು.

ನೆಲ ಮಟ್ಟ ಮಾಡುವ ಕೆಲಸ ಬಯ್ಯಪ್ಪನಿಗೆ ಬಿತ್ತು. ಬಯ್ಯಪ್ಪ ಹುಟ್ಟಿದಾಗಿನಿಂದ ಮಟ್ಟ ಮಾಡಿದ್ದು ಕಣಗಳನ್ನು ಮಾತ್ರ. ಅವನು ನೀರು ಚಿಮುಕಿಸಿ, ಕಲ್ಲುಗುಂಡು ಉರುಳಿಸಿ, ಸಗಣಿ ಸಾರಿಸಿ, ಎರಡೆಕರೆಯನ್ನೂ ರಾಗಿ ಒಕ್ಕುವ ಕಣದಂತೆ ಮಾಡಿಬಿಟ್ಟ. ಕಣವಾದ ಮೇಲೆ ನಟ್ಟನಡುವೆ ಮೇಟಿ ಬೇಕಲ್ಲ! ಎತ್ತುಗಳು ಸುತ್ತು ಹೊಡೆಯುವ ಆ ಕಂಬವನ್ನೂ ನೆಟ್ಟು, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದ. ಎರಡು ತುದಿಗೆ ಗೋಲಿನ ಗೂಟಗಳನ್ನು ನೆಟ್ಟದ್ದು ಆಮೇಲೆ.

"ಏನಯ್ಯಾ ಇದು, ಆಟದ ಮಧ್ಯೆ ಕಂಬ?" ಎಂದರು ಕಾರ್ಯದರ್ಶಿಗಳು.

"ಮೇಟಿ ಇಲ್ದೆ ಕಣ ಉಂಟಾ ಸ್ವಾಮಿ? ಹುಡುಗ್ರು ಸುತ್ಕೊಂಡ್ ಓಡ್ಲಿ ಬಿಡಿ. ಎತ್ತುಗಳೇ ಓಡ್ತವೆ" ಎಂದ ಬಯ್ಯಪ್ಪ.

ಮಾತು ನ್ಯಾಯವಾಗಿಯೇ ಇತ್ತು. ಆದರೆ ಕಣವೆಂದ ಮೇಲೆ ಅಲ್ಲಿಗೆ ಯಾರೂ ಮೆಟ್ಟು ಮೆಟ್ಟಿಕೊಂಡು ಹೋಗುವಂತಿಲ್ಲ. ಪರದೇಶದ ಹುಡುಗರು ಬೂಟು ಹಾಕಿಕೊಂಡೇ ಆಡುತ್ತಾರೆಂದು ತಿಳಿದುಬಂದಾಗ ಊರಿನಲ್ಲಿ ದೊಡ್ಡ ಗುಲ್ಲಾಯಿತು. ಸಮಿತಿಯು ಕೂಡಲೆ ಸಭೆ ಸೇರಿ, ನಿಯಮಗಳನ್ನು ರಚಿಸಿ, ಮಹಾಮಂಡಳಿಗೆ ರವಾನಿಸಿತು:

"ಆಟಗಾರರು ಬೂಟುಗಳನ್ನು ಕಣದ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಒಳಬರತಕ್ಕದ್ದು. ಮೇಟಿಯನ್ನು ಬಲಕ್ಕಿಟ್ಟುಕೊಂಡೇ ಓಡತಕ್ಕದ್ದು. ಚೆಂಡು ಮೇಟಿಗೆ ತಗುಲಿದಲ್ಲಿ, ತಗುಲಿಸಿದ ದೇಶವು ಒಂದು ತೆಂಗಿನಕಾಯಿ ಒಡೆಯತಕ್ಕದ್ದು. ಕಾಯಿಯನ್ನು ಆಯಾ ದೇಶದವರೇ ತರತಕ್ಕದ್ದು."

ಉತ್ತರವಾಗಿ ತಂತಿ ಬಂತು. "ಪಂದ್ಯಾವಳಿ ರದ್ದು. ವಿವರ ಅನಂತರ." ವಿವರ ಇಂದಿಗೂ ಬಂದಿಲ್ಲ. ನಮ್ಮ ನಿಯಮಗಳಿಗೂ ಆ ತಂತಿಗೂ ಸಂಬಂಧವಿದೆಯೆಂದು ಕೆಲವರು ಆಡಿಕೊಂಡರು. ತೆಂಗಿನಕಾಯಿಯ ವಿಷಯದಲ್ಲಿ ಈಜಿಪ್ಟಿನವರಿಗೆ ತೊಂದರೆಯಾಗಿರಬಹುದೆಂದು ನನ್ನ ಸ್ವಂತ ಊಹೆ.

ಮಾರನೆಯ ದಿನ ಚಾವಡಿಯ ಗೋಡೆಗೆ ಪ್ರಕಟಣೆ ಅಂಟಿತು: "ಪಂದ್ಯಾವಳಿ ರದ್ದಾಗಿದೆ. ಸಮಿತಿ ರದ್ದಾಗಿಲ್ಲ. ಸಾರ್ವಜನಿಕರು ಗೊಂದಲಕ್ಕೆ ಒಳಗಾಗಬಾರದು. ಮೈದಾನದಲ್ಲಿ ಆಟ ಆಡುವುದನ್ನು ನಿಷೇಧಿಸಲಾಗಿದೆ."

ಅಂದೇ ಕದಿರಮ್ಮ ಅಧ್ಯಕ್ಷರ ಜಗಲಿಯ ಮುಂದೆ ಬಂದು ನಿಂತಳು.

"ಆಟ ನಿಂತೋಯ್ತಂತೆ ಗೌಡ್ರೇ. ನನ್ ಹೊಲ ನಂಗೆ ಬಿಟ್ಕೊಡಿ. ಆರಿದ್ರ ಮಳೆ ಹೋಗ್ಬಿಟ್ರೆ ರಾಗಿ ಬಿತ್ತೋದ್ಯಾವಾಗ?"

ಅಧ್ಯಕ್ಷರು ಕಾರ್ಯದರ್ಶಿಗಳ ಕಡೆ ನೋಡಿದರು. ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡರು. "ನೋಡಮ್ಮಾ, ಕರಾರೇನು? ಪಂದ್ಯಾವಳಿ ಮುಕ್ತಾಯ ಆದ ಕೂಡ್ಲೆ ಅಂತ. ಮುಕ್ತಾಯ ಆಗ್ಬೇಕಾದ್ರೆ ಶುರು ಆಗ್ಬೇಕು. ಶುರುವೇ ಆಗಿಲ್ವಲ್ಲ?"

"ಶುರುವಾಗ್ದೇ ಇದ್ದಿದ್ದು ಮುಗಿದಂಗೇ ಅಲ್ವಾ ಸ್ವಾಮಿ?"

"ಅದು ನಿಮ್ಮನೆ ಲೆಕ್ಕ. ಕಾಯಿದೇಲಿ ಹಂಗಿಲ್ಲ."

ಕದಿರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಓಹೋ! ಮದ್ವೆ ನಿಂತೋದ್ರೆ ಹೆಣ್ಣನ್ನ ಗಂಡಿನ ಮನೇಲೇ ಇಟ್ಕೊಂತಾರಾ?"

ಈ ಪ್ರಶ್ನೆಯನ್ನು ಸಮಿತಿಯು ಗಂಭೀರವಾಗಿ ಪರಿಗಣಿಸಿ, ಮುಂದಿನ ಸಭೆಗೆ ಮುಂದೂಡಿತು. ಮುಂದಿನ ಸಭೆಯಲ್ಲಿ ಅದನ್ನು ಅದರ ಮುಂದಿನ ಸಭೆಗೆ ಮುಂದೂಡಿತು.

ಈ ನಡುವೆ ಮೈದಾನದ ರಕ್ಷಣೆಯ ಹೊಣೆಯನ್ನು ಅಧ್ಯಕ್ಷರು ತಾವೇ ಹೊತ್ತರು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತಂದು ಉದ್ದಕ್ಕೂ ಹರಡಿಸಿ, ಮೈದಾನದ ಮೇಲೆ ಬಿಸಿಲು ನೇರವಾಗಿ ಬೀಳದಂತೆ ನೋಡಿಕೊಂಡರು. ಚಂದ್ರಿಕೆಗಳು ಚೆನ್ನಾಗಿ ಒಣಗಿದವು. ಅವರ ಸೊಪ್ಪಿನ ಗಾಡಿಗಳು ಗೋಲಿನ ಗೂಟಗಳ ನಡುವೆಯೇ ಓಡಾಡುತ್ತಿದ್ದುದರಿಂದ ಗೋಲು ಎಲ್ಲಿದೆಯೆಂದು ಯಾರೂ ಮರೆಯಲಿಲ್ಲ. ಕದಿರಮ್ಮ ಅವರದೇ ತೋಟದಲ್ಲಿ ಸೊಪ್ಪು ಕೀಳುವ ಕೂಲಿಗೆ ಹೋದಳು. ಸೊಪ್ಪು ಕಿತ್ತು ಬೆನ್ನು ನೆಟ್ಟಗೆ ಮಾಡಿದಾಗಲೆಲ್ಲ ಬೇಲಿಯಾಚೆ ತನ್ನ ಹೊಲ ಕಾಣುವುದು. ನೋಡಿದವರಿಗೆ ಹೊಟ್ಟೆ ಚುರುಕ್ ಅನ್ನುತ್ತಿತ್ತು. ನನಗೂ ಅನ್ನುತ್ತಿತ್ತು, ಆದರೆ ಹೊಟ್ಟೆಯ ವಿಷಯ ನಿಂಬೆಹಣ್ಣು ಉಪಸಮಿತಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಹೀಗೆ ಕೆಲವು ಸುಗ್ಗಿಗಳು ಕಳೆದವು. ಅರವತ್ತೆರಡರಲ್ಲಿ ಅಧ್ಯಕ್ಷರ ಮನೆಯ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂದು, ತಟ್ಟೆತಟ್ಟೆಯ ಹುಳುಗಳೇ ಸತ್ತು ಸೀಮೆಸುಣ್ಣದ ತುಂಡುಗಳಾದವು. ಮುಂದಿನ ಬೆಳೆಯೂ ಹಾಗೇ ಆಯಿತು. ಅಧ್ಯಕ್ಷರ ಹೆಂಡತಿ ಅಮ್ಮಾಜಮ್ಮನವರು ಸಮಿತಿಯ ಸದಸ್ಯರಲ್ಲ. ಆದರೂ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತಾಡಿದ್ದು ಸಭೆಯ ನಡವಳಿಕೆಯಲ್ಲಿ ಸೇರಿದೆ.

"ಒಕ್ಕಣೆ ಕಾಣದ ಮೇಟಿ ಮನೆ ಎದುರಿಗೆ ನಿಂತೈತೆ. ಹೊಟ್ಟೆಗಿಲ್ದಂಗೆ ನಮ್ಮನೇ ಕಡೆಗೇ ನೋಡ್ತಾ ಐತೆ. ಹುಳ ಎಲ್ಲಿಂದ ಗೂಡು ಕಟ್ತವೆ?"

"ಹಂಗಾದ್ರೆ ಕಿತ್ತು ಬಿಸಾಕಣ ಬಿಡು" ಎಂದರು ಅಧ್ಯಕ್ಷರು.

"ಪೂಜೆ ಮಾಡಿ ನೆಟ್ಟಿದ್ದನ್ನ ಒಕ್ಕಣೆ ಆಗ್ದೆ ಕೀಳ್ತೀರಾ? ಕಿತ್ ನೋಡಿ!"

"ಸರಿ, ನಮ್ ರಾಗೀನೇ ಅಲ್ಲಿ ಒಕ್ಕಿಸಿದ್ರಾಯ್ತು."

"ಹೊಲ ಯಾರದೋ ಅವರ ತೆನೇನೇ ಬೀಳ್ಬೇಕು. ಅಷ್ಟೂ ಗೊತ್ತಿಲ್ವಾ? ಅವಳ ಹೊಲ ಅವಳಿಗೆ ಕೊಡೋ ತನಕ ನಾನು ಹುಳದ ಮನೆಗೆ ಕಾಲಿಡಲ್ಲ."

ಹುಳ ಸಾಕುವುದು ಹೆಂಗಸರ ಕೈ. ಅಮ್ಮಾಜಮ್ಮ ಕಾಲಿಡದಿದ್ದರೆ ಚೆನ್ನರಾಯಪ್ಪನವರ ವ್ಯಾಪಾರ ಅಲ್ಲಿಗೆ ಮುಗಿಯಿತು. ಅರ್ಜಿಗೆ ಬಗ್ಗದ ಕಾಯಿದೆ ಅಡುಗೆಮನೆಗೆ ಬಗ್ಗಿತು. ಪಂದ್ಯಾವಳಿಯನ್ನು ತುರ್ತಾಗಿ ಮುಕ್ತಾಯಗೊಳಿಸತಕ್ಕದ್ದೆಂದು ಸಮಿತಿ ನಿರ್ಣಯಿಸಿತು.

ಮುಕ್ತಾಯವಾಗಬೇಕಾದರೆ ಯಾರಾದರೂ ಗೆಲ್ಲಬೇಕು. ಮೈದಾನದಲ್ಲಿ ಕಾಲಿಡುವ ಹಕ್ಕು ಕಾಗದದ ಮೇಲೆ ಇದ್ದದ್ದು ಬಾಲಕರಿಗೆ, ಮತ್ತು ಭೂಮಿ ಕೊಟ್ಟ ಕದಿರಮ್ಮನಿಗೆ. ಬಾಲಕರು ಬಂದಿರಲಿಲ್ಲ. ಆದ್ದರಿಂದ ಭಾರತದ ತಂಡವಾಗಿ ಕದಿರಮ್ಮನನ್ನು ಆಯ್ಕೆ ಮಾಡಲಾಯಿತು. ಆಟಗಾರರು ಹದಿನೆಂಟು ತುಂಬದವರಾಗಿರಬೇಕಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ಕಾರ್ಯದರ್ಶಿಗಳು ಅದನ್ನು ತಳ್ಳಿಹಾಕಿದರು: ಕದಿರಮ್ಮ ಹುಟ್ಟಿದ್ದು ಯಾವ ದಫ್ತರಿನಲ್ಲೂ ದಾಖಲಾಗಿಲ್ಲವಾದ್ದರಿಂದ, ಆಕೆಗೆ ಹದಿನೆಂಟು ತುಂಬಿದೆ ಎಂಬುದಕ್ಕೆ ಪುರಾವೆಯೇ ಇಲ್ಲ. ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದ ಕದಿರಮ್ಮ ಇದನ್ನು ಕೇಳಿ, "ಎಂಥಾ ಮಾತಯ್ಯಾ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಫೈನಲ್ ಪಂದ್ಯದ ದಿನ ಊರಿಗೆ ಊರೇ ಸೇರಿತು. ಎಲ್ಲರೂ ಮೆಟ್ಟು ಬಿಟ್ಟು ಬಂದಿದ್ದರು. ವೆಂಕಟರವಣಪ್ಪನವರು ಹಳೆಯ ಕೋಟು ತೊಟ್ಟು, ಕೋರ್ಟಿನ ವರಾಂಡದಲ್ಲಿ ಕೂಗುತ್ತಿದ್ದ ಅದೇ ರಾಗದಲ್ಲಿ ದಿಕ್ಕಿಗೊಮ್ಮೆ ತಿರುಗಿ ಕೂಗಿದರು.

"ಜರ್ಮನಿಯವರು ಹಾಜರಿದ್ದಾರಾ? ಜರ್ಮನಿಯವರು! ಜರ್ಮನಿಯವರು!"

ಯಾರೂ ಓಗೊಡಲಿಲ್ಲ. ಬರ್ಮಾವನ್ನು ಕೂಗಿದರು. ಈಜಿಪ್ಟನ್ನೂ ಕೂಗಿದರು. ಎಲ್ಲರೂ ಗೈರುಹಾಜರಾದ್ದರಿಂದ ಪಂದ್ಯವು ಏಕಪಕ್ಷೀಯವಾಗಿ ಕದಿರಮ್ಮನ ಪರ ತೀರ್ಮಾನವಾಯಿತು. ಆದರೂ ಒಂದು ಸಲವಾದರೂ ಚೆಂಡು ಒದೆಯದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅಧ್ಯಕ್ಷರು ಅಭಿಪ್ರಾಯಪಟ್ಟರು. ಸಮಿತಿಯು ಹಿಂದೆ ತರಿಸಿಟ್ಟಿದ್ದ ಚೆಂಡನ್ನು ಅಷ್ಟರಲ್ಲಿ ಇಲಿ ಕಡಿದಿತ್ತು. ಬಯ್ಯಪ್ಪ ಅದಕ್ಕೆ ರಾಗಿ ಹೊಟ್ಟು ತುಂಬಿ ಹೊಲಿದುಕೊಟ್ಟ.

"ಎಲ್ಲಿಗೆ ಒದೀಬೇಕು?" ಎಂದಳು ಕದಿರಮ್ಮ.

"ಆ ಎರಡು ಗೂಟದ ಮಧ್ಯಕ್ಕೆ."

"ಅಷ್ಟೇನಾ? ಇದಕ್ಕಾ ಇಷ್ಟು ವರ್ಷ ನನ್ ಹೊಲ ಇಟ್ಕೊಂಡಿದ್ದು?"

ಸೀರೆ ಎತ್ತಿ ಕಟ್ಟಿ ಒಂದು ಒದೆ ಕೊಟ್ಟಳು. ಆ ಒದೆ ಚೆಂಡಿಗೆ ಬಿತ್ತು. ನಿಜವಾಗಿ ಯಾರಿಗೆ ಬೀಳಬೇಕಾಗಿತ್ತೋ ಅವರು ಮುಂಜಾಗ್ರತೆಯಿಂದ ಪಕ್ಕಕ್ಕೆ ಸರಿದು ನಿಂತಿದ್ದರು. ಚೆಂಡು ಗೂಟಗಳ ನಡುವೆ ಉರುಳಿಹೋಗಿ ಚೆನ್ನರಾಯಪ್ಪನವರ ತೋಟದ ಬೇಲಿಗೆ ತಗುಲಿ ನಿಂತಿತು. ವಿಶ್ವ ಬಾಲಕರ ಕಾಲ್ಚೆಂಡು ಪಂದ್ಯಾವಳಿ ಮುಕ್ತಾಯವಾಯಿತು. ನಾನು ವಿಜೇತರಿಗೆ ನಿಂಬೆಹಣ್ಣು ಕೊಟ್ಟೆ. ಅದನ್ನು ಅವಳು ಮೇಟಿಯ ಬುಡದಲ್ಲಿಟ್ಟು ಕೈಮುಗಿದಳು. ಗೆದ್ದವರಿಗೆಂದು ತರಿಸಿ, ಅಧ್ಯಕ್ಷರ ಮನೆಯಲ್ಲಿ ಅಡಕೆ ಹಾಕಿಡಲು ಬಳಕೆಯಾಗುತ್ತಿದ್ದ ಬೆಳ್ಳಿಬಣ್ಣದ ಕಪ್ಪನ್ನು ತೊಳೆದು ತಂದು ಅವಳ ಕೈಗಿತ್ತರು.

ಕದಿರಮ್ಮ ಮೇಟಿಯ ಸುತ್ತ ಕಣದಷ್ಟು ಜಾಗ ಬಿಟ್ಟು ಉಳಿದದ್ದನ್ನು ಉತ್ತು ಬಿತ್ತಿದಳು. ಅಷ್ಟು ವರ್ಷ ಸಗಣಿ ಸಾರಿಸಿಕೊಂಡು ಬಿದ್ದಿದ್ದ ನೆಲ, ರಾಗಿ ಸೊಂಟದ ಎತ್ತರ ಬಂತು. ಅಮ್ಮಾಜಮ್ಮನವರ ಹುಳುಗಳೂ ಗೂಡು ಕಟ್ಟಿದವು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವೆಂಕಟರವಣಪ್ಪನವರು ಹೊಲ ಬಿಟ್ಟುಕೊಡುವ ಹುಕುಮಿನ ಕೊನೆಗೆ ಒಂದು ಸಾಲು ಸೇರಿಸಿದ್ದರು: "ವಿಜೇತರು ಪ್ರತಿವರ್ಷ ಒಕ್ಕಣೆಗೆ ಮೊದಲು ತಮ್ಮ ಪದವಿಯನ್ನು ಉಳಿಸಿಕೊಳ್ಳತಕ್ಕದ್ದು. ಎದುರಾಳಿಗಳು ಹಾಜರಾದಲ್ಲಿ ಮೈದಾನವು ಪುನಃ ಸಮಿತಿಯ ವಶಕ್ಕೆ ಬರತಕ್ಕದ್ದು."

ಸಮಿತಿ ಎಂದಮೇಲೆ ಅದಕ್ಕೊಂದು ಕೆಲಸ ಬೇಡವೇ? ಅಂದಿನಿಂದ ಪ್ರತಿ ಸುಗ್ಗಿಯಲ್ಲಿ ಮೂರು ದೇಶಗಳನ್ನು ಕೂಗುತ್ತಾರೆ, ಕದಿರಮ್ಮ ಹೊಟ್ಟಿನ ಚೆಂಡು ಒದೆಯುತ್ತಾಳೆ, ಆಮೇಲೆ ಎತ್ತು ಕಟ್ಟುತ್ತಾರೆ. ರಾಶಿಪೂಜೆಯಾದ ಮೇಲೆ ಕ್ಷೌರಿಕ, ಅಗಸ, ಕುಂಬಾರ ಮುಂತಾದ ಆಯಗಾರರಿಗೆಲ್ಲ ಅದೇ ಕಪ್ಪಿನಲ್ಲಿ ರಾಗಿ ಅಳೆದು ಕೊಡುತ್ತಾಳೆ. ಅವರ ಹಿಂದೆ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ನಾನು ಟವಲ್ಲು ಹಿಡಿದು ನಿಲ್ಲುತ್ತೇವೆ. ಕಣಕ್ಕೆ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಅವಳು ನಮಗೂ ಹಾಕುತ್ತಾಳೆ. ಹಾಕುವಾಗ ಅಧ್ಯಕ್ಷರ ಮುಖ ನೋಡುವುದಿಲ್ಲ.

ಒಂದು ವರ್ಷ ಪಕ್ಕದ ಹೊಲದವನು ಚೆಂಡು ಒದೆಯದೆ ಒಕ್ಕಣೆ ಮಾಡಿದ. ಅವನ ಎತ್ತು ಕುಂಟಿತು. ಮರುವರ್ಷದಿಂದ ಎಲ್ಲ ಕಣಗಳಲ್ಲೂ ಚೆಂಡು ಒದೆಯುವುದು ಪದ್ಧತಿಯಾಯಿತು.

ಊರಿಗೆಲ್ಲ ಇದು ಹಬ್ಬ. ಕದಿರಮ್ಮನಿಗೆ ಮಾತ್ರ ಆ ಕೂಗು ಮುಗಿಯುವ ತನಕ ಜೀವ ಕೈಯಲ್ಲಿ. ಹೋದ ಸುಗ್ಗಿಯಲ್ಲಿ ವೆಂಕಟರವಣಪ್ಪನವರು "ಬರ್ಮಾದವರು!" ಎಂದು ಮೂರನೆಯ ಸಲ ಕೂಗುತ್ತಿದ್ದಂತೆ ಬೇಲಿಯ ಹತ್ತಿರ ಯಾರೋ "ಹಾಂ" ಎಂದರು. ಜನ ತಿರುಗಿ ನೋಡಿದರು. ಬಗಲಲ್ಲಿ ಗಂಟು ಇಟ್ಟುಕೊಂಡ, ಗುರುತಿಲ್ಲದ ಮನುಷ್ಯ. ಚೆನ್ನರಾಯಪ್ಪನವರ ಮುಖದಲ್ಲಿ ಹಳೆಯ ಬೆಳಕು ಬಂತು. ಕದಿರಮ್ಮ ಕಪ್ಪನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

"ಯಾರಪ್ಪಾ ನೀನು? ಬರ್ಮಾದೋನಾ?" ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಇಲ್ಲಮ್ಮಾ, ಬಾಗೇಪಲ್ಲಿ ಕಡೆ. ಕೈವಾರಕ್ಕೆ ಹೊಂಟಿದ್ದೆ, ತಪ್ಪು ಬಸ್ಸು ಹತ್ಬಿಟ್ಟೆ. ಯಾರೋ ಕೂಗಿದಂಗಾಯ್ತು."

ಕದಿರಮ್ಮ ಉಸಿರು ಬಿಟ್ಟಳು. "ಬಾಗೇಪಲ್ಲಿ ಆದ್ರೆ ಏನೂ ತೊಂದ್ರೆ ಇಲ್ಲ. ಚಪ್ಲಿ ಬಿಟ್ಟು ಬಾಪ್ಪಾ, ರಾಗಿ ಇಸ್ಕೊಂಡ್ ಹೋಗೀವಂತೆ."

ಎಂದವಳೇ, ಈಜಿಪ್ಟಿನವರನ್ನು ಕೂಗುವವರೆಗೂ ಕಾಯದೆ, ಚೆಂಡು ಒದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಅಧ್ಯಕ್ಷರೂ ತಟ್ಟಿದರು. ಒಕ್ಕಣೆ ಮುಗಿದ ಮೇಲೆ ಆ ಮನುಷ್ಯ ಟವಲ್ಲಿನಲ್ಲಿ ರಾಗಿ ಕಟ್ಟಿಕೊಳ್ಳುತ್ತ, ಇದೇನು ಪದ್ಧತಿ ಎಂದು ಬಯ್ಯಪ್ಪನನ್ನು ಕೇಳಿದ.

"ತಾತನ ಕಾಲದಿಂದ ಬಂದಿದ್ದಪ್ಪಾ" ಎಂದ ಬಯ್ಯಪ್ಪ.

ಈಗ ಬಾಗೇಪಲ್ಲಿಯ ಕಡೆಯೂ ಒಕ್ಕಣೆಗೆ ಮೊದಲು ಬರ್ಮಾದವರನ್ನು ಕೂಗುತ್ತಾರಂತೆ. ಅಲ್ಲಿಗೂ ಇನ್ನೂ ಯಾರೂ ಬಂದಿಲ್ಲವಂತೆ.